ಮಿನಿ ಕುದುರೆಗಳ ತಳಿ ನೋಂದಣಿ: ಹಲವು ವರ್ಷ ಬಳಸಿದವರ ಮಾತು

ಫಲಾಬೆಲ್ಲಾ ಅನ್ನೋ ಪುಟ್ಟ ತಳಿಯ ಕುದುರೆಗಳನ್ನೂ ಅವುಗಳ ಕ್ರಾಸ್ ಮರಿಗಳನ್ನೂ ಹಲವು ವರ್ಷಗಳಿಂದ ಒಂದೇ ತಳಿ ನೋಂದಣಿ ಸಂಸ್ಥೆಯಲ್ಲಿ ನೋಂದಾಯಿಸುತ್ತಿದ್ದೇನೆ. ಸಣ್ಣ ಸಂಸ್ಥೆ, ಕೆಲಸ ನಿಧಾನ. ಆದರೂ ಬಿಟ್ಟುಹೋಗಲ್ಲ, ಯಾಕಂದ್ರೆ ಇವರು ಕ್ರಾಸ್ ಮರಿಗಳಿಗೆ ಬೇರೆಯೇ ನೋಂದಣಿ ಪುಸ್ತಕ ಇಟ್ಟಿದ್ದಾರೆ.

ಇದು ಸಣ್ಣ ವಿಷಯ ಅಲ್ಲ. ಫಲಾಬೆಲ್ಲಾ ಅರ್ಜೆಂಟೀನಾದಲ್ಲಿ ಒಂದೇ ಕುಟುಂಬದವರು ಬೆಳೆಸಿದ ತಳಿ, ಶುದ್ಧ ಕುದುರೆಗಳು ಇವತ್ತಿಗೂ ಕಡಿಮೆ. ಅಮೆರಿಕದ ದೊಡ್ಡ ಮಿನಿಯೇಚರ್ ನೋಂದಣಿಗಳು ಎತ್ತರದ ಮಿತಿಗೆ ಜಾಸ್ತಿ ಮಹತ್ವ ಕೊಡುತ್ತವೆ. ಒಂದರಲ್ಲಿ 34 ಇಂಚು ಮೀರಬಾರದು, ಇನ್ನೊಂದರಲ್ಲಿ 38ರವರೆಗಿನ ಎರಡನೇ ವಿಭಾಗವೂ ಇದೆ. ಅಳೆಯುವುದು ಕುತ್ತಿಗೆಯ ಜೂಲಿನ ಕೊನೆಯ ಕೂದಲಿನ ಹತ್ತಿರ. ಆದರೆ ಎತ್ತರ ನೋಡಿ ತಳಿ ಹೇಳೋಕೆ ಆಗಲ್ಲ ಅಲ್ವಾ? ಕ್ರಾಸ್ ಮರಿಗೆ ಸರಿಯಾದ ಕಾಗದ ಇಲ್ಲದಿದ್ದರೆ, ಮುಂದೆ ಯಾರೋ ಅದನ್ನೇ ಶುದ್ಧ ಅಂತ ಮಾರುತ್ತಾರೆ. ಇಲ್ಲಿನ ಕಾಗದದಲ್ಲಿ ತಂದೆ, ತಾಯಿ, ಯಾವ ರಕ್ತ ಎಷ್ಟು ಪಾಲು ಎಲ್ಲವೂ ಇರುತ್ತದೆ.

ಡಿಎನ್‌ಎ ಪರೀಕ್ಷೆ ಇಲ್ಲದೆ ಇವರು ಅರ್ಜಿ ಮುಟ್ಟುವುದಿಲ್ಲ, ಅದೂ ಸರಿ. ಪರೀಕ್ಷೆಗೆ ಕೂದಲು ಕತ್ತರಿಸಿ ಕಳಿಸಿದರೆ ಪ್ರಯೋಜನವಿಲ್ಲ, ಬೇರು ಬೇಕು. ಒಂದು ಸಣ್ಣ ಎಳೆಯನ್ನು ಬೆರಳಿಗೆ ಸುತ್ತಿ ಗಟ್ಟಿಯಾಗಿ ಒಂದೇ ಸಲ ಎಳೆಯಿರಿ, ಬುಡದಲ್ಲಿ ಪುಟ್ಟ ಬಿಳಿ ಗಂಟು ಕಾಣಬೇಕು. ಎಳೆ ಮರಿಯ ಜೂಲು ರೇಷ್ಮೆ ಥರ, ಬೇರು ಬರದೆ ತುಂಡಾಗುತ್ತದೆ. ನಾನು ಬಾಲದಿಂದಲೇ ತೆಗೆಯುತ್ತೇನೆ.

ಈಗ ದೂರು. ಕಪ್ಪಾಗಿ ಹುಟ್ಟಿದ ನಮ್ಮ ಹೆಣ್ಣು ಮರಿ ಬೆಳೆಯುತ್ತಾ ಬೂದು ಬಣ್ಣಕ್ಕೆ ತಿರುಗಿತು. ಬೂದು ಜೀನ್ ಇದ್ದರೆ ಹಾಗೆಯೇ ಆಗೋದು, ಕುದುರೆ ಸಾಕುವವರಿಗೆಲ್ಲ ಗೊತ್ತು. ಕಾಗದದಲ್ಲಿ ಅದೊಂದು ಪದ ಬದಲಿಸೋಕೆ ನಾಲ್ಕೂ ಕಡೆಯ ಫೋಟೋ ಮತ್ತೆ ಮತ್ತೆ ಕೇಳಿ ತಿಂಗಳುಗಟ್ಟಲೆ ಎಳೆದರು. ಫೋನ್ ಮಾಡಿದರೆ ಪ್ರತಿ ಸಲ ಮೊದಲಿಂದ ಹೇಳಬೇಕು.

ಅದಕ್ಕಿಂತ ಬೇಸರ ಅಂದ್ರೆ, ಕುಬ್ಜತನದ (ತಳಿಯ ಪುಟ್ಟ ಗಾತ್ರ ಅಲ್ಲ, ಇದು ಕಾಯಿಲೆ) ಪರೀಕ್ಷೆಯನ್ನು ಕಡ್ಡಾಯ ಮಾಡಿಲ್ಲ. ಎಸಿಎಎನ್ ಅನ್ನೋ ಜೀನ್‌ನಲ್ಲಿ ಇದಕ್ಕೆ ಕಾರಣವಾಗುವ ನಾಲ್ಕು ದೋಷಗಳಿಗೆ ಪರೀಕ್ಷೆ ಇದೆ. ದೋಷವಿರುವ ಜೀನ್‌ನ ಒಂದೇ ಪ್ರತಿ ಇದ್ದ ಕುದುರೆ ನೋಡೋಕೆ ಚೆನ್ನಾಗಿಯೇ ಇರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿಯ ಕಾಲು, ದವಡೆ ಸೊಟ್ಟಗಾಗಿ ಅದು ನರಳುತ್ತದೆ, ಕೆಲವು ಗರ್ಭದಲ್ಲೇ ಹೋಗುತ್ತವೆ. ಹೇಗೂ ಕೂದಲು ಲ್ಯಾಬಿಗೆ ಹೋಗುತ್ತಿದೆ, ಅದರ ಜೊತೆಗೇ ಇದನ್ನೂ ಮಾಡಿಸಿ ಫಲಿತಾಂಶವನ್ನು ಕಾಗದದ ಮೇಲೇ ಹಾಕಲಿ. ನಾನಂತೂ ಸ್ವಂತ ಖರ್ಚಿನಲ್ಲಿ ಮಾಡಿಸಿ, ಕೊಳ್ಳುವವರಿಗೆ ತೋರಿಸುತ್ತೇನೆ.

ಕ್ರಾಸ್ ಮರಿ ಕೊಳ್ಳುವವರು ಮಾರುವವರ ಸಹಿ ಇರುವ ವರ್ಗಾವಣೆ ಅರ್ಜಿಯನ್ನು ಮರಿಯ ಜೊತೆಗೇ ಕೇಳಿ ತೆಗೆದುಕೊಳ್ಳಿ. ಆಮೇಲೆ ಕಳಿಸ್ತೀನಿ ಅಂದವರನ್ನು ಹುಡುಕೋದು ಕಷ್ಟ, ಸಹಿ ಇಲ್ಲದೆ ನೋಂದಣಿಯವರು ಮಾಲೀಕರ ಹೆಸರು ಬದಲಿಸಲ್ಲ.