ಬಿಗ್ ಬೋರ್ ಸಿಲಿಂಡರ್ ಕೊಳ್ಳುವ ಮುನ್ನ ಅಳತೆ ಕೇಳಿ

ಎಟಿವಿ (ಮರಳು, ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಎಂಜಿನ್‌ಗೆ ಬಿಗ್ ಬೋರ್ ಸಿಲಿಂಡರ್, ಅಂದರೆ ಮೂಲಕ್ಕಿಂತ ಒಳ ಅಗಲ ಹೆಚ್ಚಿರುವ ಸಿಲಿಂಡರ್, ಹಾಕಿಸುವ ಯೋಚನೆಯಲ್ಲಿ ಇರುವವರು ದಯವಿಟ್ಟು ಹಣ ಕೊಡುವ ಮುನ್ನ ಇದನ್ನು ಓದಿ. ನಾನು ಕೊಂಡ ಸಿಲಿಂಡರ್ ಒಂದೇ ಹಾಳಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಪಿಸ್ಟನ್, ಕನೆಕ್ಟಿಂಗ್ ರಾಡ್‌ನ ಕೆಳಗಿನ ಬೇರಿಂಗ್, ಆಯಿಲ್ ಪಂಪ್ ಎಲ್ಲವನ್ನೂ ತನ್ನ ಜೊತೆಗೆ ಹಾಳುಮಾಡಿತು. ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ದೋಷ ಬೇರೆ ಯಾವ ಡಬ್ಬದಿಂದಲೂ ಹೊರಬರಬಹುದು. ಅದನ್ನು ಗುರುತಿಸುವುದು ಹೇಗೆಂದು ತಿಳಿದಿದ್ದರೆ ಸಾಕು.

ನನ್ನದು ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್. ಒಂಟಿ ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 85 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) 70 ಮಿಲಿಮೀಟರ್, ಒಟ್ಟು 397 ಸಿಸಿ. ಬೋರನ್ನು 89ಕ್ಕೆ ಏರಿಸಿದರೆ ಲೆಕ್ಕಕ್ಕೆ 435 ಸಿಸಿ ಬರುತ್ತದೆ. ಮಾರುಕಟ್ಟೆಯಲ್ಲಿ ಇದನ್ನು 440 ಎಂದು ಕರೆಯುತ್ತಾರೆ. ಶೇಕಡಾ 10ರ ಹತ್ತಿರದ ಹೆಚ್ಚಳ. ಕೆಳಗಿನಿಂದಲೇ ಎಳೆತ ಹೆಚ್ಚುತ್ತದೆ, ಮರಳಿನ ಏರಿನಲ್ಲಿ ಗೇರ್ ಇಳಿಸುವ ಅವಸರ ತಪ್ಪುತ್ತದೆ. ಆ ಆಸೆಯಲ್ಲಿ ತಪ್ಪೇನಿಲ್ಲ, ಚೆನ್ನಾಗಿ ಮಾಡಿದ ಸಿಲಿಂಡರ್ ಅದನ್ನು ನಿಜವಾಗಿಯೂ ಕೊಡುತ್ತದೆ.

ನನಗೆ ಬಂದದ್ದು ಅಲ್ಯೂಮಿನಿಯಂ ಸಿಲಿಂಡರ್, ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ. ಜೊತೆಯಲ್ಲಿ ಪಿಸ್ಟನ್, ರಿಂಗ್, ಗ್ಯಾಸ್ಕೆಟ್. ‘ಪಿಸ್ಟನ್‌ಗೆ ಹೊಂದಿಸಿ ಅಳೆದು ಕಳುಹಿಸಲಾಗಿದೆ, ನೇರವಾಗಿ ಜೋಡಿಸಬಹುದು’ ಎಂದು ಒಳಗಿನ ಚೀಟಿಯಲ್ಲಿ ಅಚ್ಚಾಗಿತ್ತು. ಎಷ್ಟು ಅಳತೆ ಬಂತು ಎಂಬ ಅಂಕಿ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಜೋಡಿಸಿದ ಮೆಕ್ಯಾನಿಕ್ ಪಿಸ್ಟನ್ ಪಕ್ಕದಲ್ಲಿ ಫೀಲರ್ ಗೇಜ್ (ತೆರಪು ಅಳೆಯುವ ತೆಳು ಲೋಹದ ಪಟ್ಟಿ) ಇಳಿಸಿ ನೋಡಿದರು, ತೆರಪು ಸರಿಯಾಗಿತ್ತು. ಎಂಜಿನ್ ಒಳ್ಳೆಯ ಸದ್ದಿನಲ್ಲೇ ಓಡಿತು. ಕೆಲವು ವಾರಗಳ ನಂತರ ನೀಲಿ ಹೊಗೆ ಕಾಣಿಸಿತು, ಆಮೇಲೆ ತಣ್ಣಗಿದ್ದಾಗ ಪಿಸ್ಟನ್ ಗೋಡೆಗೆ ಬಡಿಯುವ ಟಕಟಕ ಸದ್ದು. ಕೊನೆಗೆ ಒಂದು ಏರಿನ ನಡುವೆ ಹಿಂದಿನ ಚಕ್ರಗಳು ಒಮ್ಮೆಗೇ ಬಿಗಿದುಕೊಂಡವು. ವೇಗದ ಇಳಿಜಾರಿನಲ್ಲಿ ಹೀಗಾಗಿದ್ದರೆ ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ ಒಂದು ಪಕ್ಕದ ಗೋಡೆಯಲ್ಲಿ ಉಗುರಿನಗಲ ಲೇಪ ಎದ್ದುಹೋಗಿತ್ತು. ಅದರಡಿ ಬರಿಯ ಅಲ್ಯೂಮಿನಿಯಂ, ಅದರಲ್ಲಿ ಸೂಜಿ ಚುಚ್ಚಿದಂತೆ ಎರಕದ ಸಣ್ಣ ಗುಳಿಗಳು. ಗುಳಿಗಳಿರುವ ಅಥವಾ ಸರಿಯಾಗಿ ಶುದ್ಧಗೊಳಿಸದ ಲೋಹದ ಮೇಲೆ ಈ ಲೇಪ ಕಚ್ಚಿ ನಿಲ್ಲುವುದಿಲ್ಲ. ಲೇಪದ ದಪ್ಪ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಆಸುಪಾಸು, ಆದರೆ ಅದರೊಳಗಿನ ಸಿಲಿಕಾನ್ ಕಾರ್ಬೈಡ್ ಸಾಣೆಕಲ್ಲಿಗೆ ಬಳಸುವ ವಸ್ತು. ಅದರ ಪುಡಿ ಎಣ್ಣೆಗೆ ಬಿದ್ದರೆ ಬೇರಿಂಗ್‌ನ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಲೇತ್ ಕೆಲಸದವರ ಬಳಿ ತಿಳಿಯಿತು. ಅವರು ಒಳ ಅಗಲವನ್ನು ಸೂಕ್ಷ್ಮವಾಗಿ ಅಳೆಯುವ ಡಯಲ್ ಬೋರ್ ಗೇಜ್ ಇಳಿಸಿ ಸಿಲಿಂಡರಿನ ಹಾಳಾಗದ ಭಾಗವನ್ನೇ ಮೇಲೆ, ನಡುವೆ, ಕೆಳಗೆ ಅಳೆದರು. ಪ್ರತಿ ಎತ್ತರದಲ್ಲೂ ಅಡ್ಡ ಒಮ್ಮೆ, ಉದ್ದ ಒಮ್ಮೆ. ಬೋರ್ ದುಂಡಗಿರಲಿಲ್ಲ. ಒಂದು ದಿಕ್ಕಿಗೂ ಇನ್ನೊಂದಕ್ಕೂ 0.06 ಮಿಲಿಮೀಟರ್ ವ್ಯತ್ಯಾಸ. ಇಂತಹ ಪಿಸ್ಟನ್‌ಗೆ ಬೇಕಾದ ಒಟ್ಟು ತೆರಪೇ ಸುಮಾರು ಅಷ್ಟು! ಫೀಲರ್ ಗೇಜ್ ಇಟ್ಟ ಜಾಗದಲ್ಲಿ ಸಡಿಲ, ಕಾಲುಸುತ್ತು ತಿರುಗಿದರೆ ಬಿಗಿ. ಫೀಲರ್ ಗೇಜ್‌ನ ಪಟ್ಟಿ ತಾನು ಇಳಿದ ಗೆರೆಯ ತೆರಪನ್ನಷ್ಟೇ ಹೇಳುತ್ತದೆ, ಬೋರಿನ ದುಂಡುತನದ ಬಗ್ಗೆ ಅದಕ್ಕೆ ಗೊತ್ತಾಗುವುದಿಲ್ಲ.

ಇಷ್ಟು ಸಣ್ಣ ಅಂಕಿಗೆ ಇಷ್ಟು ದೊಡ್ಡ ಗಲಾಟೆಯೇ ಎಂದು ಕೇಳುವವರಿಗಾಗಿ ಲೆಕ್ಕ ಹೇಳುತ್ತೇನೆ. 89 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ 100 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ, ಎರಕದ ಕಬ್ಬಿಣ ಅದರ ಅರ್ಧದಷ್ಟು. ಪಿಸ್ಟನ್ ಯಾವಾಗಲೂ ಗೋಡೆಗಿಂತ ಹೆಚ್ಚು ಬಿಸಿ. ಆದ್ದರಿಂದ ತಣ್ಣಗಿದ್ದಾಗ ಬಿಟ್ಟ ತೆರಪಿನಲ್ಲಿಯೇ ಅದು ಬದುಕಬೇಕು. ಆ ತೆರಪು ಪಿಸ್ಟನ್ ಲೋಹಕ್ಕೆ ತಕ್ಕಂತೆ ಬದಲಾಗುತ್ತದೆ: ಸುಮಾರು ಶೇಕಡಾ 12 ಸಿಲಿಕಾನ್ ಇರುವ 4032 ಮಿಶ್ರಲೋಹ ಕಡಿಮೆ ಹಿಗ್ಗುತ್ತದೆ, 2618 ಹೊಡೆತ ತಾಳುವುದು ಹೆಚ್ಚು, ಹಿಗ್ಗುವುದೂ ಹೆಚ್ಚು. ನಿಮ್ಮ ಕೈಗೆ ಬರುವ ಪಿಸ್ಟನ್ ಯಾವ ಲೋಹದ್ದು, ಅದನ್ನು ಮಾಡಿದವರು ಎಷ್ಟು ತೆರಪು ಕೇಳಿದ್ದಾರೆ ಎಂದು ಮಾರುವವರು ಬರವಣಿಗೆಯಲ್ಲಿ ತಿಳಿಸದಿದ್ದರೆ ಅಲ್ಲಿಂದಲೇ ಹಿಂದಿರುಗಿ.

ದೂರು ಕೊಟ್ಟಾಗ ಬಂದ ಉತ್ತರ ನನ್ನನ್ನು ಸಿಲಿಂಡರಿಗಿಂತ ಹೆಚ್ಚು ನೋಯಿಸಿತು. ‘ಕಾರ್ಬ್ಯುರೇಟರ್ ಹೊಂದಿಕೆ ಸರಿಯಿಲ್ಲ, ಪೆಟ್ರೋಲ್ ಸಾಲದೆ ಎಂಜಿನ್ ಕಾದಿದೆ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡರು. ಪೆಟ್ರೋಲ್ ಸಾಲದೆ ಓಡಿದ ಎಂಜಿನ್‌ನ ಗುರುತೇ ಬೇರೆ: ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಬಿಳಿಚಿಕೊಂಡು ಅದರ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳಿರುತ್ತವೆ, ಪಿಸ್ಟನ್ ನೆತ್ತಿ ಸವೆದು ಗುಳಿಬಿದ್ದಿರುತ್ತದೆ. ನನ್ನ ಪ್ಲಗ್ ತಿಳಿಗಂದು ಬಣ್ಣದಲ್ಲಿತ್ತು, ನೆತ್ತಿಗೆ ಗೀರೂ ಇರಲಿಲ್ಲ. ಗೀರುಗಳೆಲ್ಲ ಲೇಪ ಎದ್ದ ಜಾಗದಿಂದಲೇ ಹೊರಟಿದ್ದವು. ಚಿತ್ರಗಳನ್ನು ಕಳುಹಿಸಿದೆ. ‘ಒಮ್ಮೆ ಜೋಡಿಸಿದ ಭಾಗಕ್ಕೆ ಖಾತರಿ ಇಲ್ಲ’ ಎಂಬುದು ಅವರ ಕೊನೆಯ ಮಾತಾಯಿತು. ಹೆಚ್ಚು ಶಕ್ತಿಗಾಗಿ ಮಾರುವ ಭಾಗಗಳಲ್ಲಿ ಈ ಷರತ್ತು ಸಾಮಾನ್ಯ, ಆದ್ದರಿಂದ ಅಳೆಯುವ ಕೆಲಸ ಜೋಡಣೆಗೆ ಮೊದಲೇ ಆಗಬೇಕು. ಪೆಟ್ಟಿಗೆ ಬಂದ ದಿನವೇ ಸಿಲಿಂಡರ್ ಮತ್ತು ಪಿಸ್ಟನ್ ಎರಡನ್ನೂ ಬೋರ್ ಗೇಜ್, ಮೈಕ್ರೋಮೀಟರ್ ಇರುವವರ ಬಳಿಗೆ ಒಯ್ಯಿರಿ. ಅಂಕಿಗಳನ್ನು ಬರೆಸಿಕೊಳ್ಳಿ, ಚಿತ್ರ ತೆಗೆದಿಡಿ. ಗೋಡೆಗೆ ಓರೆಯಾಗಿ ಬೆಳಕು ಬಿಟ್ಟು ಲೇಪದ ಮೇಲೆ ಮಸುಕು ಕಲೆ, ಗುಳ್ಳೆ, ಅಂಚಿನಲ್ಲಿ ಚಕ್ಕೆ ಇದೆಯೇ ನೋಡಿ.

ಲೇಪದ ಸಿಲಿಂಡರ್ ಬೇಕೋ ಕಬ್ಬಿಣದ ಸ್ಲೀವ್ (ಸಿಲಿಂಡರಿನ ಒಳಗೆ ಕೂರಿಸುವ ಕೊಳವೆ) ಬೇಕೋ ಎಂದು ಕೇಳಿದರೆ, ಮಾಡಿದವರ ಕೆಲಸದ ಬಗ್ಗೆ ಖಚಿತವಿಲ್ಲದಾಗ ನಾನು ಸ್ಲೀವ್ ಎನ್ನುತ್ತೇನೆ. ತೂಕ ಹೆಚ್ಚು, ಬಿಸಿಯನ್ನು ಹೊರಗೆ ದಾಟಿಸುವುದೂ ನಿಧಾನ. ಆದರೆ ಗೋಡೆಯಲ್ಲಿ ದಪ್ಪ ಉಳಿದಿರುವವರೆಗೆ ಸ್ಲೀವನ್ನು ಮತ್ತೆ ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು. ಲೇಪಕ್ಕೆ ಹೋನಿಂಗ್‌ಗೆ, ಅಂದರೆ ಒಳಗೋಡೆಯನ್ನು ನಯವಾಗಿ ಉಜ್ಜಿ ಅಳತೆಗೆ ತರಲು, ಬಳಸುವ ಸಾಮಾನ್ಯ ಕಲ್ಲು ತಾಗುವುದಿಲ್ಲ, ವಜ್ರದ್ದೇ ಬೇಕು. ಎದ್ದುಹೋದರೆ ಪೂರ್ತಿ ಕಿತ್ತು ಹೊಸದಾಗಿ ಲೇಪಿಸಬೇಕು. ಎರಡರಲ್ಲೂ ಗೋಡೆ ತೀರ ತೆಳುವಾದರೆ ಹೆಡ್‌ನ ಸ್ಟಡ್‌ಗಳನ್ನು ಬಿಗಿದಾಗ ದುಂಡನೆಯ ಬೋರ್ ಕೂಡ ಸೊಟ್ಟಗಾಗುತ್ತದೆ. ಬಲ್ಲ ಕೆಲಸಗಾರರು ಹೆಡ್‌ನ ಬದಲಿಗೆ ಟಾರ್ಕ್ ಪ್ಲೇಟ್ ಎಂಬ ದಪ್ಪ ಫಲಕವನ್ನು ಬಿಗಿದುಕೊಂಡೇ ಹೋನಿಂಗ್ ಮಾಡುವುದು ಈ ಕಾರಣಕ್ಕೆ. ‘ಟಾರ್ಕ್ ಪ್ಲೇಟ್ ಬಳಸುತ್ತೀರಾ’ ಎಂದು ಕೇಳಿ ನೋಡಿ, ಉತ್ತರದ ಧಾಟಿಯಲ್ಲೇ ಅರ್ಧ ತಿಳಿಯುತ್ತದೆ.

ಸಿಲಿಂಡರಿನ ಕೆಳಭಾಗ ಎಂಜಿನ್‌ನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಬಾಯೊಳಗೆ ಹಾಗೆಯೇ ಇಳಿಯುತ್ತದೆಯೇ, ಬಾಯಿಯನ್ನು ಕೊರೆದು ಅಗಲಿಸಬೇಕೇ ಎಂದೂ ಮೊದಲೇ ಕೇಳಿ. ಕೊರೆಯಬೇಕೆಂದರೆ ಇಡೀ ಎಂಜಿನ್ ಬಿಚ್ಚಬೇಕು. ಹೆಡ್ ಗ್ಯಾಸ್ಕೆಟ್‌ನ ರಂಧ್ರ ಹೊಸ ಬೋರಿಗಿಂತ ಚಿಕ್ಕದಾಗಿರಕೂಡದು. ಅದರ ಅಂಚು ಒಳಗೆ ಚಾಚಿದರೆ ಕೆಂಡದಂತೆ ಕಾದು ಕಿಡಿಗೆ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಹೆಡ್ ಮತ್ತು ಪಿಸ್ಟನ್ ನೆತ್ತಿಯ ಆಕಾರ ಹಿಂದಿನಂತೆಯೇ ಇದ್ದರೂ 9.1 ಇದ್ದ ಕಂಪ್ರೆಷನ್ ಅನುಪಾತ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಅಳತೆ) ಬೋರ್ ಹಿಗ್ಗಿದ್ದರಿಂದಲೇ 9.9ರ ಹತ್ತಿರ ಹೋಗುತ್ತದೆ, ನೆತ್ತಿ ಉಬ್ಬಿದ ಪಿಸ್ಟನ್ ಆದರೆ ಇನ್ನೂ ಮೇಲೆ. ಅದಕ್ಕೆ ತಕ್ಕ ಆಕ್ಟೇನ್‌ನ ಪೆಟ್ರೋಲ್ ನಿಮಗೆ ಸಿಗುತ್ತದೆಯೇ ನೋಡಿಕೊಳ್ಳಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿವನ್ನು ನಿರ್ಧರಿಸುವ ಮೇನ್ ಜೆಟ್ ಹೆಚ್ಚಿನವರಿಗೆ ಬದಲಿಸಬೇಕಾಗುತ್ತದೆ. ರಿಂಗ್ ತುದಿಗಳ ನಡುವಿನ ಅಂತರಕ್ಕೆ ಬೋರ್‌ನ ಪ್ರತಿ ಮಿಲಿಮೀಟರ್‌ಗೆ 0.004 ಎಂಬುದು ರೂಢಿಯ ಲೆಕ್ಕ, 89ಕ್ಕೆ 0.36 ಮಿಲಿಮೀಟರ್, ರಿಂಗ್ ತಯಾರಕರು ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ.

ಈಗಾಗಲೇ ಲೇಪ ಎದ್ದ ಸಿಲಿಂಡರ್ ನಿಮ್ಮ ಎಂಜಿನ್‌ನಲ್ಲಿದ್ದರೆ ಬರೀ ಹೊಸ ಸಿಲಿಂಡರ್ ಕೂರಿಸಿ ಓಡಿಸಬೇಡಿ. 400 ಇಎಕ್ಸ್ ಡ್ರೈ ಸಂಪ್ ಎಂಜಿನ್. ಎಣ್ಣೆ ಹೊರಗಿನ ಟ್ಯಾಂಕ್‌ಗೆ ಹೋಗಿ ಬರುತ್ತದೆ, ಪುಡಿಯೂ ಅದರ ಜೊತೆಗೇ. ಟ್ಯಾಂಕ್, ಕೊಳವೆಗಳು, ಕ್ರ್ಯಾಂಕ್‌ಕೇಸ್ ಎಲ್ಲವನ್ನೂ ಬಿಚ್ಚಿ ತೊಳೆಸಿ, ಕನೆಕ್ಟಿಂಗ್ ರಾಡ್ ಬೇರಿಂಗನ್ನು ಪರೀಕ್ಷಿಸಿ, ಆಯಿಲ್ ಪಂಪ್ ತೆರೆದು ಗೀರು ನೋಡಿ. ನಿಮ್ಮ ಮೂಲ ಸಿಲಿಂಡರನ್ನು ಮಾತ್ರ ಯಾರಿಗೂ ಮಾರಬೇಡಿ. ಎಣ್ಣೆ ಹಚ್ಚಿ, ಕಾಗದ ಸುತ್ತಿ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಈಗ ನನ್ನ ಗಾಡಿ ಓಡುತ್ತಿರುವುದು ಆ ಹಳೆಯ 85 ಮಿಲಿಮೀಟರ್ ಸಿಲಿಂಡರಿನಲ್ಲಿಯೇ.