ಗೇಮ್ ಮುಚ್ಚಿದ ಮೇಲೂ ಚೆನ್ನಾಗಿರಬೇಕು: 14 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್, ಎರಡು ವರ್ಷ ಬಳಸಿದ ಮೇಲೆ

ನನ್ನದು 14 ಇಂಚಿನ ಮಾದರಿ. ರೈಜನ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್, 16 ಜಿಬಿ ರ‍್ಯಾಮ್, 75 ವ್ಯಾಟ್-ಅವರ್ ಆಸುಪಾಸಿನ ಬ್ಯಾಟರಿ, ತೂಕ 1.7 ಕೆಜಿಯೊಳಗೆ. ಹಗಲು ತರಗತಿ, ಲೈಬ್ರರಿ, ಪ್ರಾಜೆಕ್ಟ್, ರಾತ್ರಿ ಗೇಮ್. ಯಾವ ಗೇಮಿಗೆ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತದೆ ಎಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಗೇಮ್ ಮುಚ್ಚಿದ ಮೇಲೆ ಮೆಷಿನ್ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುವವರು ಕಮ್ಮಿ. ಓದುವವರಿಗೆ ದಿನದ ಬಹುಪಾಲು ಬೇಕಾಗುವುದು ಅದೇ.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಪ್ರೊಸೆಸರ್ ಒಳಗಿನ ಚಿಕ್ಕದು ಬರವಣಿಗೆ, ಬ್ರೌಸರ್, ವಿಡಿಯೊ ಎಲ್ಲವನ್ನೂ ಸುಧಾರಿಸುತ್ತದೆ. ದೊಡ್ಡದು ಆ ಹೊತ್ತಿನಲ್ಲಿ ಮಲಗಿರಬೇಕು. ಅದು ಮಲಗಿದ್ದರೆ ಇಡೀ ಮೆಷಿನ್ 10 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತದೆ, ಅಂದರೆ 75 ವ್ಯಾಟ್-ಅವರ್ ಬ್ಯಾಟರಿಗೆ ಏಳು ಗಂಟೆಯ ಮೇಲೆ. ಅದು ಎದ್ದು ಕೂತು ಇನ್ನೊಂದು 10 ವ್ಯಾಟ್ ತಿನ್ನತೊಡಗಿದರೆ ನಾಲ್ಕು ಗಂಟೆಯೂ ದಕ್ಕುವುದಿಲ್ಲ. ಬ್ಯಾಟರಿ ಸಾಲುವುದಿಲ್ಲ ಎಂದು ಗೊಣಗುವ ಎಷ್ಟೋ ಜನರ ತೊಂದರೆ ಬ್ಯಾಟರಿಯದ್ದಲ್ಲ, ಈ ನಿದ್ದೆಗೆಟ್ಟ ಚಿಪ್ಪಿನದ್ದು. ಎಬ್ಬಿಸುವವರು ಯಾರು? ಕೀಬೋರ್ಡ್ ದೀಪ ಕುಣಿಸುವ ಸಾಫ್ಟ್‌ವೇರ್, ಹಿನ್ನೆಲೆಯಲ್ಲಿ ಕೂತ ಗೇಮ್ ಲಾಂಚರ್, ಅಲುಗಾಡುವ ವಾಲ್‌ಪೇಪರ್. ತಮಾಷೆಯೆಂದರೆ, ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಎಷ್ಟು ಬಿಸಿಯಾಗಿದೆ ಎಂದು ನೋಡುವ ಮಾನಿಟರಿಂಗ್ ಆ್ಯಪ್ ಕೂಡ ಒಮ್ಮೊಮ್ಮೆ ಅದನ್ನು ಮಲಗಗೊಡುವುದಿಲ್ಲ. ಆರ್‌ಟಿಎಕ್ಸ್ ಚಿಪ್ ಮಾಡುವ ಎನ್ವಿಡಿಯಾದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿಪಿಯು ಆ್ಯಕ್ಟಿವಿಟಿ ಐಕಾನ್ ಹಾಕಿಕೊಂಡರೆ ಯಾವ ಪ್ರೋಗ್ರಾಂ ಕಾಟ ಕೊಡುತ್ತಿದೆ ಎಂದು ಟಾಸ್ಕ್‌ಬಾರ್‌ನಲ್ಲೇ ಕಾಣುತ್ತದೆ. ಹೊಸ ಮೆಷಿನ್ ತಂದವರು ಮೊದಲು ಮಾಡಬೇಕಾದ ಕೆಲಸ ಇದು.

ಎಚ್‌ಡಿಎಂಐ ಪೋರ್ಟಿನ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ, ನನ್ನದರಲ್ಲೂ, ಅದು ನೇರವಾಗಿ ದೊಡ್ಡ ಚಿಪ್ಪಿಗೆ ಜೋಡಣೆಯಾಗಿರುತ್ತದೆ. ಸೆಮಿನಾರಿನಲ್ಲಿ ಪ್ರೊಜೆಕ್ಟರ್ ಕೇಬಲ್ ಚುಚ್ಚಿದ ಕ್ಷಣ ಅದು ಏಳುತ್ತದೆ, ಹತ್ತು ಸ್ಲೈಡ್ ತೋರಿಸುವುದಕ್ಕೂ ಫ್ಯಾನ್ ಮೊರೆಯುತ್ತದೆ. ಕೆಲವು ಮಾದರಿಗಳಲ್ಲಿ ಒಂದು ಯುಎಸ್‌ಬಿ-ಸಿ ಪೋರ್ಟ್ ಚಿಕ್ಕ ಚಿಪ್ಪಿಗೆ ಸೇರಿರುತ್ತದೆ; ಅದರಿಂದ ಪರದೆ ಜೋಡಿಸಿದರೆ ಸದ್ದಿಲ್ಲ. ಯಾವ ಪೋರ್ಟ್ ಯಾವುದಕ್ಕೆ ಎನ್ನುವುದು ಜಾಹೀರಾತಿನಲ್ಲಿ ಸಿಗುವುದಿಲ್ಲ, ಬಳಸುತ್ತಿರುವವರನ್ನೇ ಕೇಳಬೇಕು. ಪರದೆ ಯಾವ ಚಿಪ್ಪಿಗೆ ಸೇರಬೇಕೆಂದು ಬದಲಿಸುವ ಮಕ್ಸ್ ಸ್ವಿಚ್ ಇರುವವರಿಗೆ ಇನ್ನೊಂದು ಮಾತು: ರಾತ್ರಿ ಆಟಕ್ಕಾಗಿ ಪರದೆಯನ್ನು ದೊಡ್ಡ ಚಿಪ್ಪಿಗೆ ತಿರುಗಿಸಿ ಹಾಗೇ ಬಿಟ್ಟರೆ ಮರುದಿನ ಮಧ್ಯಾಹ್ನಕ್ಕೆ ಚಾರ್ಜರ್ ಹುಡುಕಬೇಕಾಗುತ್ತದೆ. ಮಾಮೂಲಿ ಮಕ್ಸ್‌ಗೆ ಪ್ರತಿ ಸಲ ರೀಸ್ಟಾರ್ಟ್ ಬೇಕು. ಆ ಬದಲಾವಣೆಯನ್ನು ತಾನೇ ಮಾಡುವ ಅಡ್ವಾನ್ಸ್‌ಡ್ ಆಪ್ಟಿಮಸ್ ಇರುವವುಗಳಲ್ಲಿ ಬೇಡ.

ಚಾರ್ಜರ್ ಅಂದಾಗ ನೆನಪಾಯಿತು. 1.7 ಕೆಜಿ ಎಂದು ಬರೆದಿರುವುದು ಲ್ಯಾಪ್‌ಟಾಪಿನ ತೂಕ ಮಾತ್ರ. ಜೊತೆಗೆ ಬರುವ ಅಡಾಪ್ಟರ್ ಇಟ್ಟಿಗೆಯಷ್ಟಿದೆ, ಅರ್ಧ ಕೆಜಿಗಿಂತ ಹೆಚ್ಚು. ಅದು ಕೋಣೆಯ ಮೇಜು ಬಿಟ್ಟು ಕದಲುವುದಿಲ್ಲ. ಬ್ಯಾಗಿನಲ್ಲಿರುವುದು 100 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್, ಫೋನಿಗೂ ಅದೇ. ಓದು, ಬರಹ, ಕೋಡಿಂಗ್‌ಗೆ ಧಾರಾಳ. ಅದನ್ನೇ ಚುಚ್ಚಿ ಭಾರೀ ಗೇಮ್ ಆಡಿದರೆ ಮಾತ್ರ ಪ್ಲಗ್ಗಿನಲ್ಲಿದ್ದೂ ಬ್ಯಾಟರಿ ನಿಧಾನವಾಗಿ ಇಳಿಯುತ್ತದೆ, ಏಕೆಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಸೇರಿ ಕೇಳುವುದು 100 ವ್ಯಾಟ್‌ಗಿಂತ ಜಾಸ್ತಿ. ಯುಎಸ್‌ಬಿ-ಸಿ ಚಾರ್ಜಿಂಗ್ ಇಲ್ಲದ ಗೇಮಿಂಗ್ ಲ್ಯಾಪ್‌ಟಾಪನ್ನು ವಿದ್ಯಾರ್ಥಿಗಳು ನೋಡಲೇ ಬೇಡಿ ಎನ್ನುತ್ತೇನೆ. ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ.

ಇನ್ನು ಹೆಸರಿನ ಮೋಸ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದೇ ಹೆಸರಿನಲ್ಲಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಬರುತ್ತದೆ. ತೆಳ್ಳಗಿನ ಕವಚದಲ್ಲಿ ಕಡಿಮೆ ವ್ಯಾಟ್‌ನ 4060 ಕೂತಿದ್ದರೆ, ದಪ್ಪ ಮೆಷಿನ್ನಿನ ಪೂರ್ತಿ ವ್ಯಾಟ್‌ನ, ಒಂದು ದರ್ಜೆ ಕೆಳಗಿನ 4050 ಅದಕ್ಕೆ ಸರಿಸಮ ನಿಲ್ಲಬಹುದು. ಹಿಂದೆ ಕಡಿಮೆ ವ್ಯಾಟ್‌ನವುಗಳ ಹೆಸರಿನಲ್ಲೇ ಮ್ಯಾಕ್ಸ್-ಕ್ಯೂ ಎಂದಿರುತ್ತಿತ್ತು, 2021ರಿಂದ ಆ ಗುರುತೂ ಹೋಯಿತು. ಹಾಗಾಗಿ ಕಂಪನಿಯ ವಿವರಪಟ್ಟಿಯಲ್ಲಿ ಟಿಜಿಪಿ, ಅಂದರೆ ಗ್ರಾಫಿಕ್ಸ್‌ಗೆ ಸಿಗುವ ವ್ಯಾಟ್, ಎಷ್ಟು ಎಂದು ಹುಡುಕಿ. ಸಾಗಿಸಬೇಕಾದ ಮೆಷಿನ್ನಿಗೆ ಪೂರ್ತಿ 115 ವ್ಯಾಟ್ ಬೇಕೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. 80-90 ವ್ಯಾಟ್ ಆದ ಮೇಲೆ ಹೆಚ್ಚಿಸುವ ಪ್ರತಿ ವ್ಯಾಟ್‌ಗೆ ಸಿಗುವ ಲಾಭ ಇಳಿಯುತ್ತಾ ಹೋಗುತ್ತದೆ, ಬಿಸಿ ಮಾತ್ರ ಏರುತ್ತದೆ.

ಸೈಲೆಂಟ್ ಮೋಡ್‌ನಲ್ಲಿ ಲೈಬ್ರರಿಯಲ್ಲಿ ಯಾರೂ ತಿರುಗಿ ನೋಡಿಲ್ಲ. ಪೂರ್ತಿ ವೇಗದ ಟರ್ಬೊ ಮೋಡ್‌ನಲ್ಲಿ ಪಕ್ಕದ ಕೋಣೆಯವರಿಗೂ ಗೊತ್ತಾಗುತ್ತದೆ, ಹೆಡ್‌ಫೋನ್ ಬೇಕೇ ಬೇಕು. ಆಟದ ಹೊತ್ತಿನಲ್ಲಿ ಕೀಬೋರ್ಡಿನ ನಡುಭಾಗ ಬೆರಳಿಗೆ ತಾಗುವಷ್ಟು ಬಿಸಿ. ಗಾಳಿಯ ಕಿಂಡಿಗಳಲ್ಲಿ ಧೂಳು ಕೂತ ಮೇಲೆ ಸದ್ದು ಒಂದು ಮಟ್ಟ ಏರಿತ್ತು, ಹಿಂಬದಿ ಬಿಚ್ಚಿ ಬ್ರಷ್ ಆಡಿಸಿದ ಮೇಲೆ ಇಳಿಯಿತು.

ಪರದೆಯ ಬಗ್ಗೆ ದೂರಿಲ್ಲ. 16:10 ಅನುಪಾತದ 2560×1600. 16:9ಕ್ಕೆ ಹೋಲಿಸಿದರೆ ಪಿಡಿಎಫ್ ಓದುವಾಗ, ಕೋಡ್ ಬರೆಯುವಾಗ ಕೆಳಗೆ ಇನ್ನೊಂದಿಷ್ಟು ಸಾಲು ಸಿಗುತ್ತವೆ. ಗೇಮಿಗೆ ಇಷ್ಟು ಪಿಕ್ಸೆಲ್ ಭಾರ. ನಾನು ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬಿಡಿಸಿ ಎಐನಿಂದ ಹಿಗ್ಗಿಸುವ ಎನ್ವಿಡಿಯಾದ ಸೌಲಭ್ಯ) ಹಾಕಿಕೊಳ್ಳುತ್ತೇನೆ, ಅದಿಲ್ಲದ ಗೇಮ್‌ಗಳನ್ನು 1920×1200ಕ್ಕೆ ಇಳಿಸುತ್ತೇನೆ. ಪಿಕ್ಸೆಲ್‌ಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತವೆ, 14 ಇಂಚಿನಲ್ಲಿ ಕಣ್ಣಿಗೆ ಅಷ್ಟೇನೂ ತಿಳಿಯುವುದಿಲ್ಲ. ಬ್ಯಾಟರಿಯಲ್ಲಿರುವಾಗ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎನ್ನುವುದು) 60 ಹರ್ಟ್ಜ್‌ಗೆ ಇಳಿಯುವಂತೆ ಸೆಟ್ ಮಾಡಿದ್ದೇನೆ.

ಓದಿನಲ್ಲಿ ದೊಡ್ಡ ಚಿಪ್ಪಿನಿಂದ ನಿಜವಾಗಿ ಉಪಯೋಗವಾಗಿದ್ದು ಮೆಷಿನ್ ಲರ್ನಿಂಗ್ ಕೋರ್ಸಿನಲ್ಲಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಒಳಗೇ ಕುಡಾ (ಎನ್ವಿಡಿಯಾ ಚಿಪ್ಪಿನಲ್ಲಿ ಲೆಕ್ಕ ಮಾಡಿಸುವ ಸಾಫ್ಟ್‌ವೇರ್) ನಡೆಯುವುದರಿಂದ ಲಿನಕ್ಸನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಲಿಲ್ಲ. ಮಾಡೆಲ್ ತರಬೇತಿಗೆ ಬಳಸುವ ಪೈಟಾರ್ಚ್‌ನ ಅಸೈನ್‌ಮೆಂಟ್‌ಗಳು ಸಲೀಸು. ಅಡ್ಡಿಯಾಗುವುದು ವೇಗದಿಂದಲ್ಲ, 8 ಜಿಬಿ ವಿಡಿಯೊ ಮೆಮೊರಿಯಿಂದ: ಮಾಡೆಲ್ ಸ್ವಲ್ಪ ದೊಡ್ಡದಾದರೆ ಬ್ಯಾಚ್ ಸೈಜ್ (ಒಂದು ಸಲಕ್ಕೆ ಕೊಡುವ ಡೇಟಾದ ಪ್ರಮಾಣ) ಇಳಿಸುತ್ತಾ ಕೂರಬೇಕು. 3ಡಿ ಚಿತ್ರಗಳಿಗಾಗಿ ಬ್ಲೆಂಡರ್ ರೆಂಡರಿಂಗ್ ಮಾಡುವವರಿಗೂ ಲಾಭವಿದೆ. ವರದಿ, ಸ್ಪ್ರೆಡ್‌ಶೀಟ್, ಸಂಶೋಧನಾ ಲೇಖನ ಇವಿಷ್ಟೇ ನಿಮ್ಮ ಓದಾಗಿದ್ದರೆ ಆ ಚಿಪ್ ಇರುವುದು ಬರೀ ಆಟಕ್ಕೆ, ಆ ಲೆಕ್ಕದಲ್ಲೇ ಆರಿಸಿ.

ನನಗೆ ಕಿರಿಕಿರಿಯಾಗುವುದು ರ‍್ಯಾಮ್. ತೆಳ್ಳಗಿನ ಮೆಷಿನ್‌ಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಸೇರಿಸಲಾಗುವುದಿಲ್ಲ. ಒಳಗಿನ ಚಿಕ್ಕ ಗ್ರಾಫಿಕ್ಸ್ ಕೂಡ ಅದರಲ್ಲೇ ಪಾಲು ಕೇಳುತ್ತದೆ. ವರ್ಚುವಲ್ ಮೆಷಿನ್, ಬ್ರೌಸರ್, ಕೋಡ್ ಎಡಿಟರ್ ಒಟ್ಟಿಗೆ ತೆರೆದರೆ 16 ಜಿಬಿ ಉಸಿರುಗಟ್ಟುತ್ತದೆ. ಎಸ್‌ಎಸ್‌ಡಿ ಆದರೆ ಯಾವಾಗ ಬೇಕಾದರೂ ಬದಲಿಸಬಹುದು. ಹಾಗಾಗಿ ಕೈಯಲ್ಲಿರುವ ದುಡ್ಡಿಗೆ ಒಂದನ್ನೇ ಹೆಚ್ಚಿಸಿಕೊಳ್ಳಲು ಸಾಧ್ಯವಿದ್ದರೆ 32 ಜಿಬಿ ರ‍್ಯಾಮ್ ತಗೊಳ್ಳಿ, ಒಂದು ದರ್ಜೆ ಮೇಲಿನ 4070ರ ಆಸೆ ಬಿಡಿ. ಲ್ಯಾಪ್‌ಟಾಪಿನ 4070ಕ್ಕೂ ಅದೇ 8 ಜಿಬಿ ವಿಡಿಯೊ ಮೆಮೊರಿ ತಾನೇ.

ಬ್ಯಾಟರಿ ಮೊದಲ ದಿನದಿಂದಲೂ 80% ಮಿತಿಯಲ್ಲಿದೆ, ಇಡೀ ದಿನ ಹೊರಗಿರುವ ದಿನಗಳಲ್ಲಿ ಮಾತ್ರ ನೂರಕ್ಕೆ ಏರಿಸುತ್ತೇನೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಫುಲ್ ಚಾರ್ಜ್ ಕೆಪಾಸಿಟಿಯನ್ನು ಡಿಸೈನ್ ಕೆಪಾಸಿಟಿಯ ಪಕ್ಕದಲ್ಲಿಟ್ಟು ನೋಡಿದರೆ ಸವೆತ ಎಷ್ಟೆಂದು ತಿಳಿಯುತ್ತದೆ. ನನ್ನದು ಇನ್ನೂ ಗಾಬರಿಯಾಗುವ ಮಟ್ಟಕ್ಕೆ ಬಂದಿಲ್ಲ.

ದಿನವೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ ಆಡುವವರು ಈ ಜಾತಿಯ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಒಂದು ಡೆಸ್ಕ್‌ಟಾಪ್, ತರಗತಿಗೆ ಒಂದು ಹಗುರ ಲ್ಯಾಪ್‌ಟಾಪ್ ಮೇಲು. ಹಾಸ್ಟೆಲ್ ಮತ್ತು ಮನೆಯ ನಡುವೆ ಓಡಾಡುವವರಿಗೆ, ಒಂದೇ ಮೆಷಿನ್ನಿಗೆ ಮಾತ್ರ ಜಾಗವಿರುವವರಿಗೆ ಇದು ಹೊಂದುತ್ತದೆ. ತಗೊಳ್ಳುವ ಮೊದಲು ಸೈಲೆಂಟ್ ಮೋಡ್‌ನಲ್ಲಿ, ಚಾರ್ಜರ್ ತೆಗೆದು, ಅರ್ಧ ಗಂಟೆ ಬ್ರೌಸರ್ ಓಡಿಸಿ ನೋಡಲು ಯಾರಾದರೂ ಕೊಟ್ಟರೆ ಬಿಡಬೇಡಿ.