ಕೋಸ್ಟ್‌ಸ್ಯಾಟ್ ರಿವ್ಯೂ: ನಮ್ಮ ಕಡೆಯ ಕಡಲ್ಕೊರೆತ ಅಳೀಲಿಕ್ಕೆ ಆಗ್ತದಾ?

ಆಗ್ತದೆ, ಚೆನ್ನಾಗೇ ಆಗ್ತದೆ, ಆದ್ರೆ ನಮ್ಮ ಕರಾವಳಿಗೆ ಹಾಕುವಾಗ ಎರಡು ವಿಷಯ ನೆನಪಿಡ್ಬೇಕು, ಅದನ್ನ ಹೇಳ್ಲಿಕ್ಕೇ ಇದು ಬರೀತಿರೋದು. 5ರಲ್ಲಿ 4 ಕೊಡ್ತೇನೆ.

ಗೊತ್ತಿಲ್ಲದವರಿಗೆ: ಕೋಸ್ಟ್‌ಸ್ಯಾಟ್ ಅಂದ್ರೆ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಯೂನಿವರ್ಸಿಟಿಯಲ್ಲಿ ಕಿಲಿಯನ್ ವೋಸ್ ಮತ್ತೆ ಅವರ ಜೊತೆಯವರು ಮಾಡಿದ ಪೈಥಾನ್ ಟೂಲ್, ಪೂರ್ತಿ ಓಪನ್ ಸೋರ್ಸ್. ಮ್ಯಾಪಲ್ಲಿ ನಿಮ್ಮ ಬೀಚಿನ ಸುತ್ತ ಒಂದು ಚೌಕ ಎಳೆದು ಕೊಟ್ರೆ ಗೂಗಲ್ ಅರ್ಥ್ ಎಂಜಿನ್ (ಸ್ಯಾಟಲೈಟ್ ಚಿತ್ರಗಳ ಆನ್‌ಲೈನ್ ಭಂಡಾರ) ಅನ್ನೋದರಿಂದ ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಅನ್ನೋ ಸ್ಯಾಟಲೈಟ್‌ಗಳ ಚಿತ್ರ ಎಲ್ಲ ಇಳಿಸ್ಕೊಂಡು ಒಂದೊಂದರಲ್ಲೂ ನೀರು ಎಲ್ಲಿ ಮುಗೀತು ಹೊಯ್ಗೆ (ಮರಳು) ಎಲ್ಲಿಂದ ಶುರು ಅಂತ ಗೆರೆ ಎಳೀತದೆ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ಲೇ (ಚಿತ್ರದ ಒಂದು ಚುಕ್ಕೆ) 30 ಮೀಟರ್, ಅದರಲ್ಲಿ ಬೀಚ್ ಅಳೆಯೋದು ಹೇಗೆ ಅಂತ ಯಾರಿಗಾದ್ರೂ ಡೌಟ್ ಬರ್ತದೆ. ನೀರಿಂದ ಹೊಯ್ಗೆಗೆ ಹೋಗುವಾಗ ಬೆಳಕು ಎಷ್ಟೆಷ್ಟು ಬದಲಾಗ್ತದೆ ನೋಡಿ ಟೂಲ್ ಪಿಕ್ಸೆಲ್ ಒಳಗೇ ಗೆರೆ ಹಿಡೀತದೆ. ಸಿಡ್ನಿ ಹತ್ರ ನ್ಯಾರಬೀನ್ ಅಂತ ಬೀಚ್ ಉಂಟು, ಅಲ್ಲಿ 1976ರಿಂದ ಬಿಡದೆ ಅಳೀತಾ ಬಂದಿದ್ದಾರೆ, ಆ ಲೆಕ್ಕದ ಜೊತೆ ಹೋಲಿಸಿದ್ರೆ ಹೆಚ್ಚುಕಮ್ಮಿ 10 ಮೀಟರ್ ಆಸುಪಾಸು ವ್ಯತ್ಯಾಸ ಅಷ್ಟೆ. ಆಕಾಶದಿಂದ ತೆಗೆದ ಫ್ರೀ ಚಿತ್ರಕ್ಕೆ ಇದು ತುಂಬಾ ದೊಡ್ಡ ವಿಷಯ.

ಇನ್‌ಸ್ಟಾಲ್ ಮಾಡ್ಲಿಕ್ಕೆ ಕೊಂಡಾ, ಜುಪಿಟರ್ ನೋಟ್‌ಬುಕ್ (ಪೈಥಾನ್ ಹಾಕ್ಲಿಕ್ಕೆ, ಓಡಿಸ್ಲಿಕ್ಕೆ ಇರೋ ಸಾಫ್ಟ್‌ವೇರ್) ಸ್ವಲ್ಪ ಗೊತ್ತಿದ್ರೆ ಸಾಕು, ಅರ್ಥ್ ಎಂಜಿನ್ ಅಕೌಂಟ್ ಬೇಕು. ಬಂದ ಗೆರೆಗಳನ್ನ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡ್ಬಹುದು, ಅದೂ ಫ್ರೀ.

ಭರತ ಇಳಿತದ ಕರೆಕ್ಷನ್ ಮಾತ್ರ ದಯವಿಟ್ಟು ಬಿಡ್ಬೇಡಿ. ಬೀಚಿನ ಇಳಿಜಾರು 20ಕ್ಕೆ 1 ಅಂತ ಇದ್ರೆ ನೀರು 1 ಮೀಟರ್ ಏರಿದ್ರೆ ಗೆರೆ 20 ಮೀಟರ್ ಒಳಗೆ ಬರ್ತದೆ, ಅಂದ್ರೆ ಬೆಳಿಗ್ಗೆ ಇಳಿತದಲ್ಲಿ ತೆಗೆದ ಚಿತ್ರ ಒಂದು, ಭರತದಲ್ಲಿ ತೆಗೆದದ್ದು ಇನ್ನೊಂದು ಇಟ್ಕೊಂಡು ಕಡಲು ಇಷ್ಟು ತಿಂದಿತು ಅಂತ ಹೇಳಿದ್ರೆ ಅದು ಸುಳ್ಳು ಲೆಕ್ಕ. ಇಳಿಜಾರು ಅಂದಾಜು ಮಾಡ್ಲಿಕ್ಕೂ ಕೋಸ್ಟ್‌ಸ್ಯಾಟ್‌ನವರದ್ದೇ ಬೇರೆ ಟೂಲ್ ಉಂಟು.

ಈಗ ನಮ್ಮ ಕರಾವಳಿಯ ಆ ಎರಡು ವಿಷಯ. ಮೊದಲನೇದು, ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮೋಡ, ಈ ಸ್ಯಾಟಲೈಟ್‌ಗಳಿಗೆ ಮೋಡದ ಕೆಳಗೆ ಎಂತದೂ ಕಾಣೋದಿಲ್ಲ, ಕಡಲು ಉಗ್ರ ಆಗೋದೂ ಅದೇ ಟೈಮಲ್ಲಿ ಮಾರಾಯ್ರೆ. ಮಳೆಗಾಲ ಕಳೆದ ಮೇಲೆ ಅಲೆ ಸಣ್ಣದಾಗಿ ಹೊಯ್ಗೆ ವಾಪಸ್ ಬಂದು ಕೂರ್ತದೆ. ಹಾಗಾಗಿ ಟೂಲ್ ಗ್ರಾಫಲ್ಲಿ ಕೊಡೋ ಚುಕ್ಕೆಗಳು ಹೆಚ್ಚು ಕಮ್ಮಿ ನವೆಂಬರ್‌ನಿಂದ ಮೇ ತನಕದ್ದು, ಬೀಚು ಚೇತರಿಸ್ಕೊಂಡ ಮುಖ ಮಾತ್ರ ಕಾಣ್ತದೆ, ಜುಲೈಯಲ್ಲಿ ನೀರು ಯಾರ ಮನೆ ಅಂಗಳಕ್ಕೆ ಬಂದಿತ್ತು ಅನ್ನೋದು ಗ್ರಾಫಲ್ಲಿ ಬರೋದೇ ಇಲ್ಲ. ಪ್ರತಿ ವರ್ಷದ ಒಂದೇ ತಿಂಗಳು ಹಿಡ್ಕೊಂಡು, ಜನವರಿಗೆ ಜನವರಿ ಅಂತ ಹೋಲಿಸಿ, ಆಗ ವರ್ಷ ವರ್ಷದ ನಷ್ಟ ಬೇರೆ, ಸೀಸನ್ ಆಟ ಬೇರೆ ಅಂತ ಗೊತ್ತಾಗ್ತದೆ. ಮಳೆಗಾಲದ್ದು ಬೇಕಿದ್ರೆ ಫೋನಲ್ಲಿ ಜಿಪಿಎಸ್ ಹಾಕಿ ದಂಡೆಯಲ್ಲಿ ನಡೆಯೋದೇ ಸೈ, ಮೀನುಗಾರರ ಮನೆಯ ಮಕ್ಕಳಿಗೆ ಕಲಿಸಿದ್ರೆ ಅವರೇ ಮಾಡ್ತಾರೆ.

ಎರಡನೇದು ಇನ್ನೂ ಮುಖ್ಯ. ಉಳ್ಳಾಲ, ಸೋಮೇಶ್ವರ ಕಡೆ ಕೊರೆತ ಆದಲ್ಲೆಲ್ಲ ಬಂಡೆಕಲ್ಲು ತಂದು ಹಾಕಿದ್ದಾರೆ, ಮರವಂತೆಯಲ್ಲಿ ಹೈವೇ ಉಳಿಸ್ಲಿಕ್ಕೆ ಹಾಕಿದ್ದೂ ನೋಡಿರ್ತೀರಿ. ಕಲ್ಲು ಬಿದ್ದ ಮೇಲೆ ನೀರಿನ ಗೆರೆ ಅಲ್ಲೇ ನಿಲ್ತದೆ, ಗ್ರಾಫ್ ಸಪಾಟಾಗ್ತದೆ, ಗೊತ್ತಿಲ್ಲದವರು ನೋಡಿದ್ರೆ ಬೀಚು ಸ್ಥಿರ ಆಯ್ತು ಅಂತಾರೆ. ಅಲ್ಲಿ ಬೀಚೇ ಇಲ್ಲ! ದೋಣಿ ಎಳೆದಿಡ್ಲಿಕ್ಕೆ, ಬಲೆ ಹರವ್ಲಿಕ್ಕೆ ಜಾಗ ಹೋಗಿ ಆಗಿದೆ, ಉಳಿದದ್ದು ಕಲ್ಲು ಮಾತ್ರ. ಟೂಲ್‌ನಲ್ಲಿ ಹೊಯ್ಗೆ, ನೀರು, ನೊರೆ, ಉಳಿದದ್ದೆಲ್ಲ ಅಂತ ನಾಲ್ಕು ವರ್ಗ ಉಂಟು, ಕಲ್ಲಿಗೆ ಅಂತ ಬೇರೆ ವರ್ಗ ಇಲ್ಲ. ಈ ಗೆರೆ ನೋಡಿ ಕೊರೆತ ನಿಂತಿದೆ ಅಂತ ಯಾರೂ ರಿಪೋರ್ಟ್ ಬರೀಬಾರದು ಅನ್ನೋದು ನನ್ನ ಕಳಕಳಿ. ಕಲ್ಲು ಹಾಕಿದ ವರ್ಷ ಊರವರ ಹತ್ರ ಕೇಳಿ ಬರ್ಕೊಳ್ಳಿ, ಡೇಟಾವನ್ನ ಅಲ್ಲಿಗೆ ಎರಡು ತುಂಡು ಮಾಡಿ, ವರ್ಷಕ್ಕೆ ಎಷ್ಟು ಮೀಟರ್ ಅನ್ನೋ ರೇಟನ್ನ ಮೊದಲ ತುಂಡಿಗೆ ಮಾತ್ರ ಹಾಕಿ, ಎರಡನೇ ತುಂಡಲ್ಲಿ ಕಲ್ಲಿನ ಮುಂದೆ ಹೊಯ್ಗೆ ಎಷ್ಟು ಅಗಲ ಉಳಿದಿದೆ ಅಂತ ಬೇರೆಯಾಗಿ ಅಳೀರಿ.